ಎರಡು ಸಲ ತೆಗೆದ ಅಪೆಂಡಿಕ್ಸ್

ದಂಡಿಗನಹಳ್ಳಿ
6 ಅಕ್ಟೋಬರ್ 2023

ನಿಧಿಗೆ,

ಫೋನಿನಲ್ಲಿ ನಿನ್ನ ಜೊತೆ ಜಗಳ ಆಡುವುದು ದಂಡ. ನನ್ನ ಮಾತು ಖಾರವಾಗುತ್ತಿದ್ದಂತೆ ನಿನ್ನ ಕಡೆ ನೆಟ್‌ವರ್ಕ್ ಸತ್ತುಹೋಗುತ್ತದೆ. ಅದಕ್ಕೇ ಕಾಗದದ ಮೇಲೆ ಬರೆದು ಫೋಟೋ ಹೊಡೆದು ಕಳಿಸುತ್ತಿದ್ದೇನೆ. ನೀನೂ ಹಾಗೇ ಬರೆ.

ಪೋಲೆಂಡ್ ತಲುಪಿದ ಮೂರನೇ ದಿನಕ್ಕೆ ನೀನು ಕಳಿಸಿದ ಮೊದಲ ಫೋಟೋ ಕಾಲೇಜಿನದಲ್ಲ, ಊಟದ್ದಲ್ಲ. ಆರೋಗ್ಯ ವಿಮೆಯ ಕಾರ್ಡು. “ಅಕ್ಕಾ, ಇದಿಲ್ದೆ ವೀಸಾನೇ ಕೊಡಲ್ಲ. ನಮಗೆಲ್ಲ ಕಡ್ಡಾಯ” ಅಂತ ಕೆಳಗೆ ಬರೆದಿದ್ದೆ. ಪಕ್ಕದಲ್ಲಿ ಒಂದು ನಗುವ ಮುಖ.

ಆಗ ನಾನು ಹಾಸನದಲ್ಲಿ ಡಿ.ಸಿ. ಕಚೇರಿಯ ಮುಂದೆ ಡಾಂಬರಿನ ಮೇಲೆ ಕೂತಿದ್ದೆ. ಗುಲಾಬಿ ಸೀರೆ ಉಟ್ಟ ಮುನ್ನೂರು ಜನ ಆಶಾ ಕಾರ್ಯಕರ್ತೆಯರು. ಮೈಕು ನನ್ನ ಕೈಯಲ್ಲಿತ್ತು. ಊರಿನ ಬಸುರಿಯರನ್ನು ಆಸ್ಪತ್ರೆಗೆ ಸಾಗಿಸುವವಳಿಗೆ ಕಾಯಿಲೆ ಬಂದರೆ ಯಾರು ದಿಕ್ಕು, ನಮಗೂ ವಿಮೆ ಕೊಡಿ ಅಂತ ಗಂಟಲು ಹರಿದುಕೊಳ್ಳುತ್ತಿದ್ದೆ. ನೇತ್ರಾ ನನ್ನ ಫೋನಿಗೆ ಇಣುಕಿದಳು.

“ಯಾರ್ದಕ್ಕ ಈ ಕಾರ್ಡು?”

“ನನ್ ತಂಗೀದು ಕಣೆ.”

“ಅಂಗಾದ್ರೆ ನಿಮ್ಮನೇಲಿ ಒಬ್ರಿಗಾದ್ರೂ ಬೇಡಿಕೆ ಈಡೇರ್ತು ಬುಡು! ನೀನಿನ್ನು ಎದ್ದು ಮನೆಗೋಗು.”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಇದನ್ನು ಹೊಟ್ಟೆಕಿಚ್ಚು ಅಂದುಕೊಳ್ಳಬೇಡ. ಇದು ಪ್ರಶ್ನೆ. ಪಿಯುಸಿಯಲ್ಲಿ ತಾಲ್ಲೂಕಿಗೆ ಮೂರನೆಯವಳು ನಾನು. ನರ್ಸಿಂಗ್ ಸೀಟು ಸಿಕ್ಕಿತ್ತು. ಅಪ್ಪ ಏನಂದರು? “ಕಂಡೋರ ಮೈ ತೊಳೆಯೋ ಕೆಲ್ಸ ನಮ್ಮನೆ ಹೆಣ್ಮಕ್ಕಳಿಗೆ ಬ್ಯಾಡ.” ಮದುವೆ ಮಾಡಿ ಇಲ್ಲಿಗೆ ಕಳಿಸಿದರು. ಹದಿನೇಳು ವರ್ಷಗಳ ಮೇಲೆ ಅದೇ ಅಪ್ಪ, ಅದೇ ಬಟ್ಟೆ ಅಂಗಡಿಯ ಗಲ್ಲಾದ ಮೇಲೆ ಕೂತು, ನಿನ್ನನ್ನು ಸಾರ್ವಜನಿಕ ಆರೋಗ್ಯ ಓದಲಿಕ್ಕೆ ದೇಶ ದಾಟಿಸಿದರು. ನಾನೋ, ಕಂಡವರ ಮೈ ತೊಳೆಯುತ್ತಲೇ ಇದ್ದೇನೆ. ನರ್ಸು ಅನ್ನುವ ಹೆಸರು ಮಾತ್ರ ಇಲ್ಲ.

ಉತ್ತರ ಬರೆ.
ಪ್ರತಿಭಾ


ಕ್ರಾಕೋವ್
22 ಅಕ್ಟೋಬರ್ 2023

ಪ್ರೀತಿಯ ಅಕ್ಕ,

ಕಾರ್ಡು ಕಳಿಸಿದ್ದು ಮೆರೆಯಲಿಕ್ಕಲ್ಲ. ಹೊರಡುವ ಮುಂಚೆ ನಮ್ಮ ದೇಶದ ಕಂಪನಿಯಲ್ಲೇ ವಿಮೆ ಮಾಡಿಸುವಾಗ ಆ ಫಾರಂ ನಾನೇ ಕೂತು ತುಂಬಿದ್ದು, ಅದನ್ನು ನಿನಗೆ ಹೇಳಬೇಕು ಅನ್ನಿಸಿತು. “ಹಿಂದೆ ಯಾವುದಾದರೂ ಶಸ್ತ್ರಚಿಕಿತ್ಸೆ ಆಗಿದೆಯೇ” ಅಂತ ಕೇಳಿದ್ದರು. “ಹೌದು. 2016, ಅಂಡಾಶಯದ ಗೆಡ್ಡೆ” ಅಂತ ಬರೆದೆ. ಬರೆಯುವಾಗ ಕೈ ನಡುಗಿತು ಅಕ್ಕ. ನನ್ನ ಕಾಯಿಲೆಯ ನಿಜವಾದ ಹೆಸರನ್ನು ನಾನು ಮೊದಲ ಸಲ ಬರೆದಿದ್ದು ಒಂದು ಕಂಪನಿಯ ಫಾರಂ ಮೇಲೆ.

ನೆನಪಿದೆಯಾ? ಹಾಸನದಲ್ಲಿ ಮಾಡಿಸಿದರೆ ಯಾರಾದರೂ ನೆಂಟರ ಕಣ್ಣಿಗೆ ಬೀಳುತ್ತೇವೆ ಅಂತ ಹೊಳೆನರಸೀಪುರದ ಆ ಪುಟ್ಟ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರು. ವಾಪಸ್ ಬರುವಾಗ ಕಾರಿನಲ್ಲಿ ಅಮ್ಮ ನಮ್ಮಿಬ್ಬರಿಗೂ ಪಾಠ ಹೇಳಿಕೊಟ್ಟಿದ್ದರು: “ಯಾರ್ ಕೇಳುದ್ರೂ ಅಪೆಂಡಿಕ್ಸು ಅನ್ನಿ. ಗರ್ಭದ ಸುದ್ದಿ ಎತ್ತುದ್ರೆ ನಾಳೆ ಯಾವ ಗಂಡೂ ಮನೆ ಬಾಗಿಲಿಗೆ ಬರಾಕಿಲ್ಲ.” ಚನ್ನರಾಯಪಟ್ಟಣದ ನಮ್ಮ ಬೀದಿಗೆ ಬೀದಿಯೇ ನಂಬಿತು. ಪಕ್ಕದ ಮನೆ ಅನಸೂಯಮ್ಮ ತಿಂಗಳುಗಟ್ಟಲೆ ನನಗೆ ಬದನೆಕಾಯಿ ಮುಟ್ಟಗೊಡಲಿಲ್ಲ.

ಒಂದು ಸಹಾಯ ಬೇಕು. ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರ ಬಗ್ಗೆ ಇಲ್ಲಿ ಒಂದು ಪ್ರಬಂಧ ಬರೆಯಬೇಕು. ನಿನ್ನ ಮನೆ ಭೇಟಿಯ ಡೈರಿಯ ಫೋಟೋ ಕಳಿಸುತ್ತೀಯಾ? ನನ್ನ ತರಗತಿಯಲ್ಲಿ ಯಾರ ಹತ್ತಿರವೂ ಅಂಥದ್ದಿಲ್ಲ.

ನಿಧಿ


ದಂಡಿಗನಹಳ್ಳಿ
5 ನವೆಂಬರ್ 2023

ನಿಧಿ,

ಡೈರಿ ಕಳಿಸುವುದಿಲ್ಲ.

ಬಿಸಿಲಲ್ಲಿ ನಡೆದ ಕಾಲು ನಂದು, ಪದವಿ ನಿನ್ನದು. ಇದು ಯಾವ ಊರಿನ ನ್ಯಾಯ? ಜಮೀನ್ದಾರರು ಮಾಡುತ್ತಿದ್ದುದೂ ಇದನ್ನೇ, ಅವರ ಹತ್ತಿರ ಲ್ಯಾಪ್‌ಟಾಪ್ ಇರಲಿಲ್ಲ ಅಷ್ಟೆ. ನಿನಗೆ ಹಳ್ಳಿಯ ಆರೋಗ್ಯ ಬೇಕಿದ್ದರೆ ಬಂದು ಒಂದು ವಾರ ನನ್ನ ಹಿಂದೆ ನಡೆ. ಚಪ್ಪಲಿ ನಾನು ಕೊಡಿಸುತ್ತೇನೆ.

ಫಾರಂನಲ್ಲಿ ನಿಜ ಬರೆದೆನೆಂದು ಬೀಗಿದ್ದೀಯ. ದೂರ ಹೋದವರಿಗೆ ನಿಜ ಸುಲಭ. ಅರಕಲಗೂಡಿನಿಂದ ನಿನಗೆ ಒಂದು ಸಂಬಂಧ ಬಂದಿದೆ, ಹುಡುಗ ಬ್ಯಾಂಕಿನಲ್ಲಿದ್ದಾನೆ. ಅಮ್ಮ ಅವರಿಗೂ ಅಪೆಂಡಿಕ್ಸನ್ನೇ ಹೇಳಿದ್ದಾರೆ. ಪಕ್ಕದಲ್ಲಿ ಕೂತು ಹೌದು ಹೌದು ಅಂದವಳು ನಾನು. ನಿನ್ನ ನಿಜಕ್ಕೆ ವೀಸಾ ಸಿಕ್ಕಿತು. ನಿನ್ನ ಸುಳ್ಳನ್ನು ಹೊರುವ ಕೆಲಸ ನನಗೆ ಬಿತ್ತು.

ನಿನ್ನ ಭಾವ ಮಂಜುನಾಥನಿಗೆ ಮಫ್ಲರ್ ಕಳಿಸುತ್ತೇನೆ ಅಂದಿದ್ದೆ. ಬೇಡ. ಅವನ ಟೆಂಪೋದಲ್ಲಿ ಚಳಿಯಾಗುವುದಿಲ್ಲ.

ಪ್ರತಿಭಾ


ಕ್ರಾಕೋವ್, ಆಸ್ಪತ್ರೆಯಿಂದ
9 ಡಿಸೆಂಬರ್ 2023

ಅಕ್ಕ,

ಅಕ್ಷರ ಸೊಟ್ಟಗಿದೆ, ಮಲಗಿಕೊಂಡೇ ಬರೆಯುತ್ತಿದ್ದೇನೆ. ಅಮ್ಮನಿಗೆ ಹೇಳಬೇಡ.

ಭಾನುವಾರ ಹೊಟ್ಟೆನೋವು ಶುರುವಾಯಿತು. ಓಮಿನ ಕಾಳು ಅಗಿದು ಮಲಗಿದೆ. ಸೋಮವಾರ ತರಗತಿಯಲ್ಲೇ ಬಿದ್ದೆ. ಆಂಬುಲೆನ್ಸು, ಸ್ಕ್ಯಾನು, ಅರ್ಥವಾಗದ ಭಾಷೆ. ಕೊನೆಗೆ ಇಂಗ್ಲಿಷ್ ಬರುವ ಒಬ್ಬ ಡಾಕ್ಟರು ಬಂದು ಹೇಳಿದರು: ಅಪೆಂಡಿಕ್ಸ್ ಒಡೆದಿದೆ, ಈಗಲೇ ತೆಗೆಯಬೇಕು. ಅಕ್ಕ, ನಾನು ನಕ್ಕುಬಿಟ್ಟೆ. ಅವರು ಜ್ವರ ತಲೆಗೇರಿದೆ ಅಂದುಕೊಂಡರು. ಏಳು ವರ್ಷ ಊರೆಲ್ಲ ಹೇಳಿಕೊಂಡು ಬಂದಿದ್ದು ಈಗ ಬಂದು ಹೊಟ್ಟೆಯೊಳಗೆ ಕೂತಿದೆ.

ಒಂಬತ್ತು ದಿನ ಇಲ್ಲೇ ಇಟ್ಟುಕೊಳ್ಳುತ್ತಾರಂತೆ. ಬಿಲ್ಲು ನೇರವಾಗಿ ಕಂಪನಿಗೆ ಹೋಗುತ್ತದೆ. ಕಾರ್ಡು ಇಲ್ಲದಿದ್ದರೆ ನನ್ನ ಗತಿ ಏನಾಗುತ್ತಿತ್ತೋ.

ನಿನಗೆ ಹೆರಿಗೆಯಾದಾಗ ವಾರ್ಡಿನ ಹೊರಗೆ ನಿಮ್ಮ ಸಂಘದ ನಲವತ್ತು ಹೆಂಗಸರು ಬುತ್ತಿ ಹಿಡಿದು ನಿಂತಿದ್ದರು. ನರ್ಸು ಬೈದು ಓಡಿಸಿದ್ದಳು. ಇಲ್ಲಿ ನನ್ನ ಹೆಸರನ್ನು ಸರಿಯಾಗಿ ಕರೆಯುವವರೂ ಒಬ್ಬರಿಲ್ಲ. ಆ ನಲವತ್ತು ಜನರ ಮೇಲೆ ನನಗೆ ಎಷ್ಟು ಅಸೂಯೆಯಾಯಿತು ಗೊತ್ತಾ?

ನಿಧಿ


ದಂಡಿಗನಹಳ್ಳಿ
14 ಜನವರಿ 2024

ನಿಧಿ,

ನಾಳೆ ಸಂಕ್ರಾಂತಿ. ಎಳ್ಳು ಬೆಲ್ಲದ ಕೆಲಸ ಇದೆ, ಚುಟುಕಾಗಿ ಬರೆಯುತ್ತೇನೆ.

ನಿನ್ನ ವಿಮೆ ಕಂಪನಿಯಿಂದ ವಿಚಾರಣೆಗೆ ಒಬ್ಬ ಬಂದಿದ್ದ. ಶಶಿಕಿರಣ್ ಅಂತ ಹೆಸರು, ಬೈಕು, ಕೊರಳಲ್ಲಿ ಗುರುತಿನ ಚೀಟಿ. ಚನ್ನರಾಯಪಟ್ಟಣದಲ್ಲಿ ನಮ್ಮ ಬೀದಿಯಲ್ಲಿ ನಾಲ್ಕು ಮನೆ ಹೊಕ್ಕಿದ್ದಾನೆ. “ಈ ಹುಡುಗಿಗೆ ಹಿಂದೆ ಏನಾದರೂ ಆಪರೇಷನ್ ಆಗಿತ್ತಾ?” ಅಂತ ಕೇಳಿದನಂತೆ. ಅನಸೂಯಮ್ಮ ಕಾಫಿ ಕೊಟ್ಟು ಕೂರಿಸಿಕೊಂಡು, “ಅಯ್ಯೋ, ಅಪೆಂಡಿಕ್ಸು ತೆಗ್ಸವ್ರೆ ಕಣಪ್ಪ, ನಾನೇ ಗಂಜಿ ಕಾಯ್ಸಿ ಕೊಟ್ಟಿವ್ನಿ” ಅಂದರಂತೆ.

ಇಲ್ಲಿಗೂ ಬಂದಿದ್ದ. ಮಾತಾಡಿಸಿ ಕಳಿಸಿದೆ.

ಮೈ ಹುಷಾರು.
ಪ್ರತಿಭಾ


ಕ್ರಾಕೋವ್
3 ಮಾರ್ಚ್ 2024

ಅಕ್ಕ,

ಕಂಪನಿ ಹಣ ಕೊಡುವುದಿಲ್ಲ ಅಂದಿದೆ.

ಅವರ ಪತ್ರದ ಸಾರ ಇದು: ನನ್ನ ಅಪೆಂಡಿಕ್ಸನ್ನು ಏಳು ವರ್ಷದ ಹಿಂದೆಯೇ ತೆಗೆಯಲಾಗಿದೆ. ಅದನ್ನು ಮುಚ್ಚಿಟ್ಟು ಫಾರಂನಲ್ಲಿ ಬೇರೆ ಯಾವುದೋ ಗೆಡ್ಡೆಯ ಕಥೆ ಬರೆದಿದ್ದೇನೆ. ಈಗಿನದು ಆ ಹಳೆಯ ಆಪರೇಷನ್ನಿನಲ್ಲಿ ಉಳಿದುಹೋದ ತುಂಡಿನ ತೊಂದರೆ. ಆದ್ದರಿಂದ ಪಾಲಿಸಿಯೇ ರದ್ದು. ಸಾಕ್ಷಿಗೆ ನಾಲ್ವರು ನೆರೆಯವರ ಹೇಳಿಕೆ, ಜೊತೆಗೆ “ಒಬ್ಬ ಆರೋಗ್ಯ ಕಾರ್ಯಕರ್ತೆಯ” ಲಿಖಿತ ಹೇಳಿಕೆ.

ಇಲ್ಲಿನ ಡಾಕ್ಟರನ್ನು ಕೇಳಿದೆ. ಅಪೆಂಡಿಕ್ಸ್ ಒಡೆದು ಕೊಳೆತಿತ್ತು, ಇಡಿಯೋ ಹಳೆಯ ತುಂಡೋ ಹೇಳಲಾಗದು, ಹೊಟ್ಟೆಯ ಮೇಲಿನ ಹಳೆಯ ಗಾಯದ ಗುರುತೂ ಯಾತರದ್ದು ಅಂತ ಖಚಿತವಾಗಿ ಬರೆದುಕೊಡಲು ಆಗುವುದಿಲ್ಲ ಅಂದರು. ಹಾಗಾಗಿ ಹೊಳೆನರಸೀಪುರದ ಡಿಸ್ಚಾರ್ಜ್ ಕಾರ್ಡು ಬೇಕೇ ಬೇಕು. ಅಮ್ಮನ ಬೀರುವಿನಲ್ಲಿ ಹುಡುಕು.

ಅನಸೂಯಮ್ಮನನ್ನು ಬೈದು ಏನು ಮಾಡಲಿ, ನಾವು ಹೇಳಿಕೊಟ್ಟಿದ್ದನ್ನು ಅವರು ಒಪ್ಪಿಸಿದರು. ಆದರೆ ಆ ಆರೋಗ್ಯ ಕಾರ್ಯಕರ್ತೆ ಯಾರು? ಆ ಬೀದಿಯ ಆಶಾ ಇರಬೇಕು, ನಿಮ್ಮ ಸಂಘದವಳೇ. ಕಣ್ಣಲ್ಲಿ ನೋಡದ್ದಕ್ಕೆ ಸಹಿ ಹಾಕಲು ಅವಳಿಗೆ ಎಷ್ಟು ಧೈರ್ಯ! ಪತ್ತೆ ಮಾಡು ಅಕ್ಕ, ನಿನ್ನ ಕೈಲಾಗುತ್ತದೆ.

ಆಸ್ಪತ್ರೆಯವರು ಕಂತಿನಲ್ಲಿ ಕಟ್ಟು ಅಂದಿದ್ದಾರೆ. ಹೋಟೆಲಿನಲ್ಲಿ ಪಾತ್ರೆ ತೊಳೆದು ಕಂತು ಕಟ್ಟಿದರೆ ಮುಂದಿನ ವರ್ಷದ ಕಾಲೇಜು ಶುಲ್ಕಕ್ಕೆ ಏನೂ ಉಳಿಯುವುದಿಲ್ಲ. ಕಂಪನಿ ಒಪ್ಪದಿದ್ದರೆ ಓದು ಅರ್ಧಕ್ಕೆ ಬಿಟ್ಟು ವಾಪಸ್ ಬರಬೇಕು.

ನಿಧಿ


ದಂಡಿಗನಹಳ್ಳಿ
10 ಮಾರ್ಚ್ 2024

ನಿಧಿ,

ಡಿಸ್ಚಾರ್ಜ್ ಕಾರ್ಡು ಇಲ್ಲ. ನೀನು ಮನೆಗೆ ಬಂದ ದಿನವೇ ಅಮ್ಮ ಇಡೀ ಫೈಲನ್ನು ಹಂಡೆ ಒಲೆಗೆ ಹಾಕಿ ನಿನಗೆ ನೀರು ಕಾಯಿಸಿದ್ದರಂತೆ. “ಮದ್ವೆ ಆದ್ಮೇಲೆ ಅತ್ತೆ ಮನೇರ ಕೈಗೆ ಸಿಕ್ಕುದ್ರೆ?” ಅಂತ ಈಗಲೂ ನನ್ನನ್ನೇ ಗದರಿದರು. ಹೊಳೆನರಸೀಪುರಕ್ಕೂ ಹೋಗಿಬಂದೆ. ಆ ಡಾಕ್ಟರು ತೀರಿಕೊಂಡು ಮೂರು ವರ್ಷ. ನರ್ಸಿಂಗ್ ಹೋಮಿನ ಜಾಗದಲ್ಲಿ ಪೀಠೋಪಕರಣದ ಮಳಿಗೆ ಇದೆ.

ನಮ್ಮ ಮನೆಗಳಲ್ಲಿ ಹೆಣ್ಣಿನ ಕಾಯಿಲೆಗೆ ಔಷಧಿಗಿಂತ ಮೊದಲು ಸುಳ್ಳು ಕೊಡುತ್ತಾರೆ. ಇದನ್ನು ನಾನು ವೇದಿಕೆಯ ಮೇಲೆ ನೂರು ಸಲ ಹೇಳಿದ್ದೇನೆ.

ಅಪ್ಪ ಹಾಸನದ ಗ್ರಾಹಕರ ಆಯೋಗದಲ್ಲಿ ನಿನ್ನ ಪರವಾಗಿ ದೂರು ಕೊಡುತ್ತಾರೆ. ನಡೆಯಲಿ. ಆಗದಿದ್ದರೆ ವಾಪಸ್ ಬಾ. ಇಲ್ಲಿ ನಾವೇನು ಸತ್ತಿದ್ದೇವೆಯೇ? ಬಂದವಳಿಗೆ ಒಂದು ಗುಲಾಬಿ ಸೀರೆ ಕೊಡಿಸುತ್ತೇನೆ. ಹಳ್ಳಿಯ ಆರೋಗ್ಯವನ್ನು ಹಳ್ಳಿಯಲ್ಲೇ ಓದುವೆಯಂತೆ.

ಪ್ರತಿಭಾ


ಕ್ರಾಕೋವ್
2 ಜೂನ್ 2024

ಪ್ರತಿಭಾ ಅವರಿಗೆ,

ಕಂಪನಿ ಆಯೋಗಕ್ಕೆ ಕೊಟ್ಟ ಕಾಗದಗಳ ಪ್ರತಿಯನ್ನು ವಕೀಲರು ನನಗೆ ಕಳಿಸಿದರು. ಐದನೆಯ ಹೇಳಿಕೆ ಕೈಬರಹದಲ್ಲಿದೆ.

“ನಿಧಿಗೆ 2016ರಲ್ಲಿ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ ಆಗಿರುವುದು ನನಗೆ ಖುದ್ದಾಗಿ ತಿಳಿದಿದೆ. ಬೇರೆ ಯಾವ ಶಸ್ತ್ರಚಿಕಿತ್ಸೆಯೂ ಆಗಿಲ್ಲ.”

ಅಕ್ಷರ ಗುರುತು ಸಿಗಲು ಸಹಿ ನೋಡಬೇಕಾಗಿರಲಿಲ್ಲ. ನನಗೆ ಅಕ್ಷರ ತಿದ್ದಿಸಿದ ಕೈ ಅದು.

ಮೊದಲ ವಾಕ್ಯ ಅಮ್ಮ ಕಲಿಸಿದ್ದು ಅಂತ ಒಪ್ಪಿಕೊಳ್ಳಬಹುದು. ಎರಡನೆಯದನ್ನು ಯಾರು ಕಲಿಸಿದರು?

ನಾನು ಫಾರಂನಲ್ಲಿ ಏನು ಬರೆದಿದ್ದೇನೆ ಅಂತ ಗೊತ್ತಿದ್ದವರು ಊರಿನಲ್ಲಿ ನೀವೊಬ್ಬರೇ. ಹೇಳಿದ್ದು ನಾನೇ.

ನಿಧಿ


ದಂಡಿಗನಹಳ್ಳಿ
19 ಅಕ್ಟೋಬರ್ 2024

ನಿಧಿ,

ನಾಲ್ಕು ತಿಂಗಳಲ್ಲಿ ಆರು ಕಾಗದ ಕಳಿಸಿದೆ. ಒಂದನ್ನೂ ನೀನು ತೆರೆದಿಲ್ಲ ಅಂತ ಫೋನೇ ಹೇಳುತ್ತದೆ. ಇದನ್ನೂ ತೆರೆಯದಿದ್ದರೆ ಇರಲಿ. ಅವುಗಳಲ್ಲೆಲ್ಲ ಮನೆ ಮರ್ಯಾದೆ, ಅಭ್ಯಾಸಬಲ ಅಂತೆಲ್ಲ ಬರೆದಿದ್ದೆ. ಓದದಿದ್ದುದೇ ಒಳ್ಳೆಯದಾಯಿತು.

ನಿನ್ನೆ ಹಾಸನದಲ್ಲಿ ವಿಚಾರಣೆ ಇತ್ತು. ನಿನ್ನ ಪರ ಸಾಕ್ಷಿಯಾಗಿ ನಾನು ಹೋದೆ. ಹಿಂದಿನ ದಿನ ಅಮ್ಮ ಫೋನಿನಲ್ಲಿ ಅತ್ತರು: “ಗೆಡ್ಡೆ ಅನ್ಬ್ಯಾಡ ಕಣವ್ವಾ, ಅರಕಲಗೂಡಿನೋರ ಕಿವಿಗೆ ಬಿದ್ರೆ ಮುಗೀತು.” ನಾನು ಹೇಳಿದೆ: “ಕಾಯ್ಲೆ ಅವ್ಳುದು, ಅವ್ಳೇ ಬರ್ದವ್ಳೆ. ಮುಚ್ಚಾಕೆ ನಾವ್ಯಾರವ್ವ?” ಫೋನಿಟ್ಟರು. ಇವತ್ತಿಗೂ ಎತ್ತುತ್ತಿಲ್ಲ.

ಮಂಜುನಾಥನೂ ನೇತ್ರಾಳೂ ಜೊತೆಗೆ ಬಂದಿದ್ದರು. ಅಪ್ಪ ಹಿಂದಿನ ಬೆಂಚಿನಲ್ಲಿದ್ದರು. ಎಷ್ಟೋ ಪೊಲೀಸರ ಎದುರು ನಿಂತವಳು ನಾನು, ಲಾಠಿ ಕಂಡವಳು. ನಿನ್ನೆ ಕಟಕಟೆಯ ಕಂಬಿ ಹಿಡಿದೇ ನಿಂತೆ.

ಹೊಳೆನರಸೀಪುರದಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಗೆಡ್ಡೆಯನ್ನು ಡಾಕ್ಟರು ಸ್ಟೀಲ್ ಬಟ್ಟಲಲ್ಲಿಟ್ಟು ನನಗೂ ಅಮ್ಮನಿಗೂ ತೋರಿಸಿದ್ದು, ಫೈಲು ಸುಟ್ಟಿದ್ದು, ಬೀದಿಗೆಲ್ಲ ಅಪೆಂಡಿಕ್ಸ್ ಅಂತ ಹಂಚಿದ್ದು. ಕಂಪನಿಯ ವಕೀಲರು ಎದ್ದರು. ನಿನ್ನಷ್ಟೇ ವಯಸ್ಸಿನ ಹುಡುಗಿ.

“ಈ ಹೇಳಿಕೆ ನಿಮ್ಮದೇನಾ?”

“ನಂದೇ.”

“ಇದು ಸುಳ್ಳೋ, ಈಗ ಹೇಳ್ತಿರೋದು ಸುಳ್ಳೋ?”

“ಅದು ಸುಳ್ಳು.”

“ತಂಗಿಗೆ ಹಣ ಬರ್ಲಿ ಅಂತ ಮಾತು ತಿರುಗಿಸ್ತಿದ್ದೀರಿ.”

“ಹಣ ಬಂದ್ರೆ ಆಸ್ಪತ್ರೆಗೋಯ್ತದೆ. ನನ್ ಕೈಗೇನ್ ಬತ್ತದಮ್ಮ?”

“ಹಾಗಾದ್ರೆ ಆವತ್ತು ಯಾಕೆ ಸುಳ್ಳು ಬರೆದುಕೊಟ್ರಿ?”

“ಮನೆ ಮರ್ವಾದೆ...” ಅಂದೆ.

ಆ ಹುಡುಗಿ ಬುದ್ಧಿವಂತೆ. ಒಂದು ಗಳಿಗೆ ಕಾಗದ ನೋಡಿ ತಲೆ ಎತ್ತಿದಳು. “ಮರ್ಯಾದೆಗೆ ಆದ್ರೆ ‘ನನಗೆ ಗೊತ್ತಿಲ್ಲ’ ಅಂದಿದ್ರೆ ಸಾಕಿತ್ತು. ಅಕ್ಕಪಕ್ಕದವರು ಹೇಗೂ ಅಪೆಂಡಿಕ್ಸ್ ಅಂದಾಗಿತ್ತು. ನೀವು ಖುದ್ದಾಗಿ ಗೊತ್ತು ಅಂದಿದ್ದೀರಿ. ಬೇರೆ ಯಾವ ಆಪರೇಷನ್ನೂ ಆಗಿಲ್ಲ ಅಂತ ಸೇರಿಸಿದ್ದೀರಿ. ಅಷ್ಟು ಮುಂದಕ್ಕೆ ಯಾಕೆ ಹೋದ್ರಿ?”

ನೀನು ಕೇಳಿದ್ದೂ ಇದನ್ನೇ.

ನಿಧಿ, ಆ ಶಶಿಕಿರಣ್ ನಮ್ಮ ಜಗಲಿಯ ಮೇಲೆ ಕೂತು ನಿನ್ನ ಫಾರಂ ತೋರಿಸಿದ್ದ. ನಿನ್ನ ಕಾಲೇಜಿನ ಹೆಸರು, ನಿನ್ನ ಫೋಟೋ, ಕೆಳಗೆ ಏನೇನಕ್ಕೆ ರಕ್ಷಣೆ ಇದೆ ಅನ್ನುವ ಪಟ್ಟಿ. ಆ ವಾರ ನನಗೆ ಪಿತ್ತಕೋಶದಲ್ಲಿ ಕಲ್ಲಿದೆ ಅಂತ ಸ್ಕ್ಯಾನಿನಲ್ಲಿ ಗೊತ್ತಾಗಿತ್ತು. ನಿನಗೆ ಹೇಳಿರಲಿಲ್ಲ. ಸರ್ಕಾರಿ ಆಸ್ಪತ್ರೆಯವರು ಕೊಟ್ಟ ಸರದಿಯ ಚೀಟಿ ಹಿಡಿದುಕೊಂಡೇ ಅವನಿಗೆ ಬಾಗಿಲು ತೆಗೆದಿದ್ದೆ. ಅವನು ಪೆನ್ನು ಕೊಟ್ಟ. ನೀನೂ ಒಂದು ಸಲ ಸರದಿಯಲ್ಲಿ ನಿಲ್ಲಬೇಕು ಅನ್ನಿಸಿತು. ಬರೆದೆ. ಬರೆಯುವಾಗ ಕೈ ನಡುಗಲಿಲ್ಲ.

ಕಟಕಟೆಯಲ್ಲಿ ನಿಂತು ಅದನ್ನೇ ಹೇಳಿದೆ. “ಹೊಟ್ಟೆಕಿಚ್ಚಿಗೆ ಬರೆದೆ ಕಣಮ್ಮ.”

ಟೈಪು ಮಾಡುತ್ತಿದ್ದ ಗುಮಾಸ್ತ ಬೈರಯ್ಯ ಬೆರಳು ನಿಲ್ಲಿಸಿ ಅಧ್ಯಕ್ಷರ ಮುಖ ನೋಡಿದ. “ಸಾ, ಕೌಟುಂಬಿಕ ಕಾರಣ ಅಂತ ಹಾಕ್ಲಾ?”

ಅಧ್ಯಕ್ಷರು ನನ್ನ ಕಡೆ ತಿರುಗಿದರು. “ಏನಮ್ಮ? ಅದು ಸಾಕಾ?”

ಸಾಕು ಅನ್ನಬಹುದಿತ್ತು. ಹಿಂದೆ ಅಪ್ಪ ಇದ್ದರು. ನನ್ನ ಭಾಷಣಕ್ಕೆ ಚಪ್ಪಾಳೆ ತಟ್ಟುವ ನೇತ್ರಾ ಇದ್ದಳು. ನನ್ನ ಹೆಸರು ಕೇಳಿದರೆ ಎದ್ದು ನಿಲ್ಲುವ ಹೆಂಗಸರು ಈ ಜಿಲ್ಲೆಯಲ್ಲಿದ್ದಾರೆ.

“ಸಾಲ್ದು ಸಾ. ಹೊಟ್ಟೆಕಿಚ್ಚು ಅಂತ್ಲೇ ಹಾಕ್ಸಿ. ನನ್ನುನ್ನ ಓದುಸ್ದೆ ಅವ್ಳುನ್ನ ಓದುಸುದ್ರು. ಆ ಸಿಟ್ಟುನ್ನ ಅಪ್ಪನ್ ಮೇಲೆ ತೀರುಸ್ಕಳಾಕೆ ಧೈರ್ಯ ಸಾಲ್ಲಿಲ್ಲ, ತಂಗಿ ಮೇಲೆ ತೀರುಸ್ಕಂಡೆ.”

ಬೈರಯ್ಯ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿದ. ಓದಿ ಹೇಳಿದ. ಸಹಿ ಹಾಕಿದೆ. ಹೊರಗೆ ಬಂದಾಗ ಅಪ್ಪ ನನ್ನನ್ನು ದಾಟಿ ಬಸ್ ನಿಲ್ದಾಣದ ಕಡೆ ನಡೆದುಬಿಟ್ಟರು. ಮಂಜುನಾಥ ಟೆಂಪೋ ತರಲು ಹೋದ. ನೇತ್ರಾ ಮಾತ್ರ ಬಂದು, “ಥೂ, ಎಂಥ ಹೆಂಗ್ಸೆ ನೀನು” ಅಂದಳು. ಆಮೇಲೆ ನನ್ನ ಚೀಲ ಇಸಿದುಕೊಂಡು ಜೊತೆಗೆ ನಡೆದಳು.

ಒಂದು ಮಾತು ಉಳಿದಿದೆ. ಆ ಕಿಚ್ಚು ಆರಿದೆ ಅಂತ ನಾನು ಬರೆಯುವುದಿಲ್ಲ. ನಿನ್ನ ಕಾಲೇಜಿನ ಫೋಟೋ ಕಂಡರೆ ಈಗಲೂ ಎದೆಯೊಳಗೆ ಚುರ್ ಅನ್ನುತ್ತದೆ. ಇನ್ನು ಮೇಲೆ ಅದನ್ನು ನನ್ನ ಪೆನ್ನಿಗೆ ಬರಗೊಡುವುದಿಲ್ಲ, ಅಷ್ಟೆ.

ಪ್ರತಿಭಾ


ಕ್ರಾಕೋವ್
12 ಜನವರಿ 2025

ಅಕ್ಕ,

ಆದೇಶ ಬಂತು. ಆಸ್ಪತ್ರೆಯ ಬಿಲ್ಲನ್ನು ಕಂಪನಿಯೇ ಕಟ್ಟಬೇಕು. ಅವರು ಮೇಲ್ಮನವಿಗೆ ಹೋಗುವುದಿಲ್ಲವಂತೆ, ವಕೀಲರು ಹೇಳಿದರು. ಇನ್ನು ಕಂತಿಲ್ಲ, ಆ ಹಣದಲ್ಲಿ ಬಾಕಿಯಿದ್ದ ಶುಲ್ಕ ಕಟ್ಟಿದೆ. ಓದು ಮುಗಿಸುತ್ತೇನೆ.

ಒಂಬತ್ತನೇ ಪುಟದಲ್ಲಿ ನೀನಿದ್ದೀಯ. “ಸಾಕ್ಷಿಯು ತನಗೇ ಅವಮಾನಕರವಾದ ಕಾರಣವನ್ನು ನೀಡಿರುವುದರಿಂದ ಆಕೆಯ ಮಾತು ನಂಬಲರ್ಹ” ಅಂತ ಬರೆದಿದ್ದಾರೆ. ಮೂರು ಸಲ ಓದಿದೆ. ಆಮೇಲೆ ನಿನ್ನ ಕಾಗದಗಳನ್ನು ತೆರೆದೆ, ಏಳನ್ನೂ.

ಅರಕಲಗೂಡಿನವರು ಬೇಡ ಅಂದರಂತೆ. ಅಮ್ಮ ಅದಕ್ಕೆ ನಿನ್ನನ್ನು ಶಪಿಸುತ್ತಿದ್ದಾರೆ. ನಾನು ಆವತ್ತು ಹೊಟ್ಟೆ ತುಂಬ ಉಂಡೆ.

ಸ್ಕ್ಯಾನ್ ವರದಿ ಕಳಿಸು. ಕಲ್ಲು ಎಷ್ಟು ದೊಡ್ಡದಿದೆ, ಸರದಿ ಎಲ್ಲಿಗೆ ಬಂತು, ಎಲ್ಲ ಬರೆ. ಏನೂ ಬಚ್ಚಿಡಬೇಡ.

ಇನ್ನೂ ಕ್ಷಮಿಸಿಲ್ಲ. ರಾತ್ರಿ ಪಾತ್ರೆ ತೊಳೆದ ಆ ತಿಂಗಳುಗಳು ನನ್ನ ಕೈಯ ಚರ್ಮದಲ್ಲಿವೆ. ಕ್ಷಮೆ ಬಂದ ದಿನ ಬರೆಯುತ್ತೇನೆ. ಬಾರದಿದ್ದರೂ ಬರೆಯುತ್ತೇನೆ.

ನಿಧಿ